ಎಲಿಹಿಯಾ ಅಕ್ಕನ ಬೈಗುಳದ ಅಡುಗೆಪುಟ

ಕೊರೊನೆಲ್ ಬೊಗಾದೊ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿ ನಿವೃತ್ತಳಾದ ನಿಮಿಯಾ, 2001ರಲ್ಲಿ ಪರಾಗ್ವೆ ಅಡುಗೆಯ ವೆಬ್‌ಸೈಟ್ ಶುರು ಮಾಡಿದಳು. ಕೆಲಸಕ್ಕೆಂದು ಬ್ಯೂನಸ್ ಐರಿಸ್, ಮ್ಯಾಡ್ರಿಡ್ ಸೇರಿದ ಹಳೆಯ ವಿದ್ಯಾರ್ಥಿನಿಯರು ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ ಸುಡುವ ಚಿಪಾ ರೊಟ್ಟಿ ಮಾಡುವ ಬಗೆ ಕೇಳಿ ಒಬ್ಬೊಬ್ಬರಾಗಿ ಬರೆಯುತ್ತಿದ್ದರು. ಒಂದೇ ಕಡೆ ಹಾಕಿಬಿಟ್ಟರೆ ಎಲ್ಲರೂ ಓದಿಕೊಳ್ಳುತ್ತಾರೆ ಎಂದುಕೊಂಡಳು. ಆದರೆ ಅವಳಿಗೆ ಟೈಪಿಂಗ್ ಬರುತ್ತಿತ್ತು, ಅಡುಗೆ ಬರುತ್ತಿರಲಿಲ್ಲ. ಅಡುಗೆ ಬರುತ್ತಿದ್ದದ್ದು ಅಕ್ಕ ಎಲಿಹಿಯಾಗೆ. ಬುಟ್ಟಿ ಹೊತ್ತು ಬಸ್ಸು ಹತ್ತಿಳಿದು ಮೂವತ್ತು ವರ್ಷ ಚಿಪಾ ಮಾರಿದವಳು.

"ಚೀಸ್ ಎಷ್ಟು ಹಾಕ್ದೆ ಅಕ್ಕಾ?"

"ಬೇಕಾದಷ್ಟು."

"ಹಾಗೆ ಬರೆದ್ರೆ ಜನ ನನ್ನ ಮುಖಕ್ಕೆ ಉಗೀತಾರೆ."

"ಎಷ್ಟು ಬೇಕು ಅಂತ ಗೊತ್ತಿಲ್ದೋಳು ಒಲೆ ಮುಂದೆ ಯಾಕ್ ನಿಂತ್ಕೋಬೇಕು?"

ನಿಮಿಯಾ ತಕ್ಕಡಿ ತಂದಿಟ್ಟಳು. ಎಲಿಹಿಯಾ ಅದನ್ನು ತಿರುಗಿಯೂ ನೋಡಲಿಲ್ಲ. ಕೊನೆಗೆ ಅಕ್ಕನ ಕೈ ಪಾತ್ರೆ ಮುಟ್ಟುವ ಮೊದಲೇ ಮಣಿಕಟ್ಟು ಹಿಡಿದು, ಮುಷ್ಟಿಯಲ್ಲಿದ್ದ ಮರಗೆಣಸಿನ ಹಿಟ್ಟನ್ನು ಕಪ್ಪಿಗೆ ಸುರಿಸಿಕೊಂಡು ಅಳೆಯಬೇಕಾಯಿತು. ಒಂದೊಂದು ಅಡುಗೆಗೂ ಒಂದೊಂದು ಜಗಳ. ಇಷ್ಟಾದರೂ ದಿನಕ್ಕೆ ನಲವತ್ತು ಜನ ನೋಡಿದರೆ ಹೆಚ್ಚು. ಅವರಲ್ಲೂ ಮೆಕ್ಸಿಕೊದ ಒಬ್ಬ ಮಹಾಶಯ, ಮೆಕ್ಕೆಜೋಳದ ಹಿಟ್ಟು ಬೇಯಿಸಿ ಮಾಡುವ, ರೊಟ್ಟಿಯಂತೆ ಗಟ್ಟಿಯಾದ ಪರಾಗ್ವೆ ಸೋಪಾವನ್ನು ಹೆಸರು ನೋಡಿ ಸೂಪೆಂದು ತಿಳಿದು, "ಗಟ್ಟಿಯಾಗಿದೆ, ಕುಡಿಯಲಾಗಲಿಲ್ಲ" ಎಂದು ದೂರಿದ್ದ. ನಿಮಿಯಾ ಹಲ್ಲು ಕಚ್ಚಿಕೊಂಡು ಅವನಿಗೆ ಮೂರು ಸಲ ವಿನಯದಿಂದ ವಿವರಿಸಿದಳು.

ಮೂರನೆಯ ವರ್ಷ, ಈಸ್ಟರಿಗೆ ಮುಂಚಿನ ಪವಿತ್ರವಾರದಲ್ಲಿ ಮ್ಯಾಡ್ರಿಡ್‌ನಿಂದ ಗ್ಲಾದಿಸ್ ಬರೆದಳು. ನಿಮಿಯಾಳ ಕೈಯಲ್ಲೇ ಟೈಪಿಂಗ್ ಕಲಿತವಳು. "ಟೀಚರ್, ಕಿಲೋ ಹಿಟ್ಟಿಗೆ ಎರಡು ಕಪ್ ಉಪ್ಪು ಅಂತ ಹಾಕಿದೀರಿ. ಚರ್ಚಿಗೆ ಅಂತ ಅರವತ್ತು ಚಿಪಾ ಮಾಡ್ದೆ. ಪಾದ್ರಿಗಳು ಒಂದು ತುತ್ತು ಬಾಯಿಗಿಟ್ಟು ಎದ್ದು ಹೊರಗೆ ಹೋದ್ರು."

ಚಮಚ ಎಂದಿರಬೇಕಾದಲ್ಲಿ ಕಪ್ ಎಂದಿತ್ತು. ಟೈಪಿಂಗ್ ತಪ್ಪು, ಅದೂ ಟೈಪಿಂಗ್ ಟೀಚರದು! ನಿಮಿಯಾಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು.

"ಸಾಕು, ಇದನ್ನ ಮುಚ್ಚಿಬಿಡ್ತೀನಿ" ಎಂದು ಆ ಇಮೇಲನ್ನು ಅಕ್ಕನಿಗೆ ಓದಿ ಹೇಳಿದಳು.

ಎಲಿಹಿಯಾ ತಣ್ಣನೆಯ ತೆರೆರೆ ಹೀರುತ್ತಿದ್ದವಳು ಕೊಳವೆ ಬಾಯಿಂದ ತೆಗೆದಳು. "ಎರಡು ಕಪ್ ಉಪ್ಪು ಸುರಿಯೋವಾಗ ಆ ಹುಡುಗಿ ಕೈ ನಡುಗ್ಲಿಲ್ವಾ? ಹಿಟ್ಟನ್ನ ನಾಲಗೆಗೆ ಹಚ್ಚಿ ನೋಡ್ಲಿಲ್ವಾ? ಅವರಮ್ಮ ಸೆಗುಂದಾ ನಂಗೊತ್ತು, ಅವಳೂ ಹೀಗೇ ಮಂಕು. ಬರ್ಕೋ, ಇದನ್ನೇ ಬರ್ಕೋ!"

ಹಾಳಾಗಿ ಹೋಗಲಿ ಎಂದು ನಿಮಿಯಾ ಅಕ್ಷರ ಬಿಡದೆ ಟೈಪ್ ಮಾಡಿ ಎಲ್ಲರೂ ಓದುವಂತೆ ಹಾಕಿದಳು.

ಮರುದಿನ ಗ್ಲಾದಿಸ್ ಉತ್ತರಿಸಿದಳು: "ಊರು ಬಿಟ್ಟು ಆರು ವರ್ಷ ಆಯ್ತು, ನನ್ನನ್ನ ಹೀಗೆ ಬೈಯೋರೇ ಇರ್ಲಿಲ್ಲ. ನಕ್ಕೂ ನಕ್ಕೂ ಅತ್ತುಬಿಟ್ಟೆ. ಇಲ್ಲಿನ ಗೆಳತೀರಿಗೆಲ್ಲ ಓದಿದೆ."

ಆ ಗೆಳತಿಯರು ಬಂದರು, ಅವರ ಅಕ್ಕತಂಗಿಯರು ಬಂದರು. ಚಳಿಗಾಲದ ಹೊತ್ತಿಗೆ ದಿನಕ್ಕೆ ಎರಡು ಸಾವಿರ ಜನ. ಸೀದ ಚಿಪಾದ ಫೋಟೊ ಕಳಿಸಿ "ಅಜ್ಜಿ, ನನಗೂ ಬೈಯಿರಿ" ಎಂದು ಬೇಡತೊಡಗಿದರು. ಕಪ್, ಚಮಚದ ಲೆಕ್ಕದಲ್ಲಿ ಅಳೆದು ಬರೆದ ಎಂಬತ್ತು ಅಡುಗೆಗಳನ್ನು ಮೆಚ್ಚಿ ಯಾರೂ ಒಂದು ಮಾತು ಬರೆಯಲಿಲ್ಲ. ನಿಮಿಯಾ ಹೊಟ್ಟೆ ಉರಿದುಕೊಂಡೇ ದಿನಾ ಅಕ್ಕನ ಬೈಗುಳ ಬರೆದುಕೊಂಡಳು. ನಡುನಡುವೆ ನಗು ತಡೆಯಲಾಗದೆ ಕೈ ನಿಲ್ಲುತ್ತಿತ್ತು.

ಕೊನೆಗೆ ಎಲಿಹಿಯಾ ತಾನೇ ಕುರ್ಚಿ ಎಳೆದು ಕೂತು ಒಂದೇ ಬೆರಳಲ್ಲಿ ಟೈಪ್ ಮಾಡತೊಡಗಿದಳು. ಸಾಲಿಗೆ ನಾಲ್ಕು ತಪ್ಪು. ತಿದ್ದಲು ಹೋದ ತಂಗಿಯ ಕೈಗೆ ಪಟ್ಟನೆ ಹೊಡೆದು, "ನಿನ್ನ ಶಾಲೆ ಮುಗೀತು, ಹೋಗಿ ಒಲೆ ನೋಡು" ಎಂದಳು.