ಗರಗರ ಸದ್ದಿನ ಬೆನ್ನುಹತ್ತಿ

ನಮ್ಮ ಮೊರಬದ ಓಣಿಗೆ ಆಗಿನ್ನೂ ಟೀವಿ ಬಂದಿರಲಿಲ್ಲ. ಎಂಬತ್ತರ ದಶಕದ ಆ ದಿನಗಳಲ್ಲಿ ಸಂಜೆಯಾದರೆ ಗಂಡಸರೆಲ್ಲ ಎದುರುಮನೆಯ ಗೌಡರ ಕಟ್ಟೆಯ ಮೇಲೆ ಕೂತು ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಕೇಳುತ್ತಿದ್ದರು. ನಾವು ಹುಡುಗಿಯರು ಅಲ್ಲೇ ಕುಂಟಲಿಪಿ ಆಡಿ ಬೈಸಿಕೊಳ್ಳುತ್ತಿದ್ದೆವು.

ನಮ್ಮ ಮನೆಯ ರೇಡಿಯೋ ಮಾತ್ರ ಬೇರೆ ಜಾತಿಯದು. ಅದು ಕೇಳಿಸುವುದಷ್ಟೇ ಅಲ್ಲ, ನಮ್ಮ ಮಾತನ್ನೂ ಹೊತ್ತೊಯ್ಯುತ್ತಿತ್ತು. ಅಪ್ಪನ ತಮ್ಮ ಚಂದ್ರುಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪರೀಕ್ಷೆ ಪಾಸಾಗಿ ಹವ್ಯಾಸಿ ರೇಡಿಯೋದ ಲೈಸೆನ್ಸು ಪಡೆದು, ಹಿತ್ತಲಿನ ಕೋಣೆಯಲ್ಲಿ ತಾನೇ ಜೋಡಿಸಿದ ಸೆಟ್ಟು ಇಟ್ಟುಕೊಂಡಿದ್ದ. ಮಾಳಿಗೆಯ ಮೇಲೊಂದು ಕಂಬ ನಿಲ್ಲಿಸಿ ಅಲ್ಲಿಂದ ಬೇವಿನ ಮರದವರೆಗೆ ತಂತಿ ಎಳೆದಿದ್ದ. ತಂತಿಯ ಮೇಲೆ ಕಾಗೆ ಕೂತರೆ ಸಾಕು, ಆಯಿ, ಅಂದರೆ ನಮ್ಮಜ್ಜಿ, ಅಂಗಳದಿಂದ ಕೂಗುತ್ತಿದ್ದಳು: "ಚಂದ್ರೂ, ನಿನ್ನ ಮಾತಿಗೆ ಕಾಗಿ ಅಡ್ಡ ಬಂತ ನೋಡೋ!"

ದಿನಾ ಸಂಜೆ ಅಳ್ನಾವರದಿಂದ ಒಬ್ಬ ಅಜ್ಜ ಅಂಥದೇ ಸೆಟ್ಟಿನಲ್ಲಿ ಕಾಕಾನ ಜೊತೆ ಮಾತಾಡುತ್ತಿದ್ದರು. ರೈಲ್ವೆ ನೌಕರಿಯಿಂದ ನಿವೃತ್ತರಾದ ಮೇಲೆ ಕಾಲಿನ ಬಲ ಹೋಗಿ ಹಾಸಿಗೆ ಹಿಡಿದವರು. ಅವರ ಮುಖವನ್ನು ಕಾಕಾ ನೋಡಿರಲಿಲ್ಲ. "ಕೂಸು ಬಾಜೂಕ ಕುಂತೈತೇನ್ರಿ ಮಾಸ್ತರ?" ಎಂದು ನನ್ನನ್ನು ವಿಚಾರಿಸಿಯೇ ಅವರ ಮಾತು ಶುರುವಾಗುವುದು. ಲೈಸೆನ್ಸಿಲ್ಲದ ನಾನು ಉತ್ತರ ಕೊಡುವಂತಿರಲಿಲ್ಲ. ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದೆ. ನಮ್ಮ ಸ್ವಂತ ಅಜ್ಜನನ್ನು ನಾನು ಕಂಡವಳಲ್ಲ. ಅಜ್ಜ ಅಂದರೆ ನನಗೆ ಆ ದನಿಯೇ.

ಆ ವರ್ಷ ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿಸಿದೆವು, ಹಬ್ಬ ಮುಗಿಯಿತು. ಅದರ ಬೆನ್ನಿಗೇ ಗರಗರ ಶುರುವಾಯಿತು. ಬಾಣಲೆಯಲ್ಲಿ ಶೇಂಗಾ ಹುರಿದಂಥ ಸದ್ದು, ಹಗಲೂ ರಾತ್ರಿ. ಕಾಕಾನ ಸೆಟ್ಟಿನಲ್ಲಿ ಅಳ್ನಾವರದ ಅಜ್ಜನ ದನಿ ಅದರಡಿ ಮುಳುಗಿಹೋಯಿತು. ಗೌಡರ ರೇಡಿಯೋದಲ್ಲೂ ಅದೇ ಕಥೆ. ಓಣಿಯವರು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟರು: ತಪ್ಪು ಕಂಬದ್ದು.

"ಮಾಸ್ತರ, ಎಳ್ಳಮಾಸಿ ತನಕ ನೋಡ್ತೀವ್ರಿ" ಅಂದರು ಗೌಡರು. "ಅಷ್ಟರೊಳಗ ಇದು ನಿಂದರಲಿಲ್ಲಂದ್ರ ಕಂಬ ಇಳಸ್ರಿ. ಒಬ್ಬರ ಹವ್ಯಾಸಕ್ಕ ಓಣಿ ಮಂದೀಗೆಲ್ಲಾ ತ್ರಾಸ ಯಾಕ್ರಿ?"

"ಕಂಬದ್ದಲ್ರಿ ಗೌಡ್ರ. ನಾ ಸೆಟ್ ಬಂದ್ ಮಾಡಿದ್ರೂ ಬರತೈತಲ್ರಿ."

"ಹಂಗಾರ ಯಾರದಂತ ಹುಡುಕಿ ತೋರಸ್ರಿ."

ಕಂಬ ಇಳಿದರೆ ಅಳ್ನಾವರದ ಅಜ್ಜ ಯಾರ ಜೊತೆ ಮಾತಾಡಬೇಕು? ನನಗೆ ಅವತ್ತು ರಾತ್ರಿ ಅನ್ನ ಸೇರಲಿಲ್ಲ.

ಕಾಕಾ ಮಾತ್ರ ತಣ್ಣಗೆ ಕೆಲಸಕ್ಕಿಳಿದ. ಒಮ್ಮೆ ಕರೆಂಟು ಹೋದಾಗ ಸೆಲ್ಲಿನ ಟ್ರಾನ್ಸಿಸ್ಟರ್ ಹಚ್ಚಿ ನೋಡಿದ. ಗರಗರ ಇಲ್ಲವೇ ಇಲ್ಲ. ಅಂದರೆ ಕಳ್ಳ ಇರುವುದು ಕರೆಂಟಿನ ತಂತಿಯಲ್ಲೇ. ಆಮೇಲೆ ಟ್ರಾನ್ಸಿಸ್ಟರನ್ನು ನನ್ನ ಕೈಗಿತ್ತು, ಅದನ್ನು ಹಿಡಿದು ನಿಧಾನ ತಿರುಗಲು ಕಲಿಸಿದ. "ಎಲ್ಲಿ ಸದ್ದು ಅಡಗತೈತಿ, ಅಲ್ಲಿ ನಿಂದರು. ರೇಡಿಯೋದ ತುದಿ ಯಾ ಕಡೆ ಮಾರಿ ಮಾಡಿರತೈತಿ, ಕಳ್ಳ ಅದ ಗೆರಿ ಮ್ಯಾಲ ಇರತಾನ."

ಶಾಲೆ ಬಿಟ್ಟ ಮೇಲೆ ಇದೇ ನಮ್ಮ ಆಟ. ಕಾಕಾನ ಜೇಬಿನಲ್ಲಿ ಸುಟ್ಟ ಸುಲಗಾಯಿ. ಸುಲಿದು ಒಂದೊಂದೇ ಹಸಿಗಡಲೆ ಬಾಯಿಗೆ ಹಾಕಿಕೊಳ್ಳುತ್ತ, ಮಸಿಯಾದ ಬೆರಳನ್ನು ಲಂಗಕ್ಕೆ ಒರೆಸುತ್ತ ಓಣಿ ಸುತ್ತುತ್ತಿದ್ದೆವು. ಗೌಡರ ಕಟ್ಟೆಯ ಹತ್ತಿರ ನಿಂತು ತಿರುಗಿದರೆ ತುದಿ ನೇರ ಗೌಡರ ಮನೆಯ ಹಿಂದಿನ ಹಿಟ್ಟಿನ ಗಿರಣಿಗೆ ಮುಖ ಮಾಡುತ್ತಿತ್ತು. ಗಿರಣಿಯವ ಹಿಟ್ಟು ಮೆತ್ತಿದ ಹುಬ್ಬು ಹಾರಿಸಿ, "ಗಿರಣಿ ಬಂದ್ ಐತಿ, ಬಂದು ನೋಡ್ರಿ. ನನ್ನ ಹೆಸರು ಕೆಡಸಬ್ಯಾಡ್ರಿ" ಅಂದ. ನಿಜ, ಮೋಟರು ನಿಂತಿತ್ತು. ಗರಗರ ನಿಂತಿರಲಿಲ್ಲ.

ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬ. ಅದರ ಹಿಂದಿನ ಸಂಜೆ ಕಾಕಾ ಕೊನೆಯ ಉಪಾಯ ಹೇಳಿದ. ಓಣಿಯವರೆಲ್ಲ ಒಂದಿಷ್ಟು ಹೊತ್ತು ಲೈಟು ಆರಿಸಬೇಕು. ಆಮೇಲೆ ಒಂದೊಂದೇ ಮನೆಯವರು ಹಚ್ಚುತ್ತ ಬರಬೇಕು. ಯಾವ ಮನೆ ಹಚ್ಚಿದಾಗ ಗರಗರ ಎದ್ದಿತೋ ಅಲ್ಲಿ ಕಳ್ಳ.

"ದೀಪ ಹಚ್ಚೂ ಹೊತ್ತಿನ್ಯಾಗ ಕತ್ತಲಿ ಮಾಡ್ತಾರೇನ್ರಿ? ಮನೀಗೆ ಲಕ್ಷ್ಮಿ ಬರೂ ಹೊತ್ತು!" ಎಂದು ಗೌಡಸಾನಿ ತಕರಾರು ತೆಗೆದಳು. ಕೊನೆಗೆ ಎಲ್ಲರ ಹೊಸ್ತಿಲ ಮೇಲೂ ಒಂದು ಪಣತಿ ಹಚ್ಚಿಟ್ಟು, ಕೈಮುಗಿದು, ಆಮೇಲೆ ಲೈಟು ಆರಿಸುವುದೆಂದು ರಾಜಿಯಾಯಿತು. ಹೆಂಗಸರು, ಮುದುಕರು, ಕೂಸುಗಳು, ಎಲ್ಲರೂ ಹೊರಗೆ ಬಂದು ಕಟ್ಟೆಗಳ ಮೇಲೆ ಕೂತರು. ಮನೆಗಳೊಳಗಿಂದ ಮರುದಿನದ ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು.

ಕಾಕಾ ಕೂಗಿದ: "ಎಲ್ಲಾರೂ ಆರಿಸಿದ್ರೇನ್ರಿ?"

"ಆರಿಸೇವ್ರಿ!" ಎಂದಿತು ಇಡೀ ಓಣಿ.

ಗರಗರ ಹಾಗೇ ಇತ್ತು.

"ಆತಲ್ರಿ ಮಾಸ್ತರ" ಅಂದರು ಗೌಡರು, ಮೆತ್ತಗೆ. "ನಾಳೆ ಹೊಲದಿಂದ ಬಂದ ಮ್ಯಾಲ ಇಳಸ್ರಿ." ಕಾಕಾ ತಲೆ ತಗ್ಗಿಸಿ ನಿಂತ. ಅವನು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಿಟ್ಟು ಬಂದು ನಾನು ಗೌಡರ ಕಟ್ಟೆಯ ಹತ್ತಿರವೇ ಟ್ರಾನ್ಸಿಸ್ಟರ್ ಹಿಡಿದು ಮತ್ತೊಮ್ಮೆ ತಿರುಗಿದೆ. ಸದ್ದು ಅಡಗಿತು. ಒಂದು ತುದಿ ಗಿರಣಿಯ ಕಡೆಗೇ. ಇನ್ನೊಂದು ತುದಿ ನನ್ನ ಹೊಟ್ಟೆಗೆ ತಾಗಿತ್ತು. ಗೆರೆಗೆ ಎರಡು ಕಡೆ ಇರುತ್ತದಲ್ಲ ಎಂದು ಹೊಳೆದು ಹಿಂದೆ ನೋಡಿದರೆ ಅಲ್ಲಿ ನಮ್ಮ ಮನೆ. ತೆರೆದ ಬಾಗಿಲಿನಾಚೆ, ಒಳಗೆ, ಕೆಂಪಗೆ ಒಂದು ಬೆಳಕು.

"ಕಾಕಾ, ನಮ್ಮನ್ಯಾಗ ಆರಿಸಿಲ್ಲ!"

"ಆರಿಸೇನಿ ಬೇ, ಎಲ್ಲಾ ಆರಿಸೇನಿ" ಅಂದಳು ಆಯಿ. "ಅದು ಲೈಟಲ್ಲ, ದೇವರ ದೀಪ."

ಮನೆಗೆ ಕರೆಂಟು ಬಂದ ದಿನ ನಮ್ಮಜ್ಜ ಮೊದಲ ಬಲ್ಬು ದೇವರ ಜಗಲಿಗೇ ಹಾಕಿಸಿದ್ದನಂತೆ. ಅಜ್ಜ ತೀರಿಕೊಂಡ ಮೇಲೆ ಆಯಿ ಒಮ್ಮೆಯೂ ಗುಂಡಿ ಒತ್ತಿ ಅದನ್ನು ಆರಿಸಿರಲಿಲ್ಲ. ಬಲ್ಬು ಸುಟ್ಟರೆ ಗಳಿಗೆಯೊಳಗೆ ಬೇರೆಯದು ಹಾಕಿಸುತ್ತಿದ್ದಳು. ಅದೇ ಬೆಳಕಿನಲ್ಲಿ ಹುಟ್ಟಿ ಬೆಳೆದ ನಮಗ್ಯಾರಿಗೂ ಅದು ಕರೆಂಟಿನದೆಂಬ ನೆನಪೇ ಬರಲಿಲ್ಲ, ವಿಜ್ಞಾನದ ಮಾಸ್ತರನಿಗೂ.

"ಯವ್ವಾ, ಒಂದ ಗಳಿಗಿ..." ಎಂದು ಕಾಕಾ ಅಲ್ಲಿಗೇ ನಿಲ್ಲಿಸಿದ. ಮುಂದೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆಯಿ ಎದ್ದು ಒಳಗೆ ಹೋದಳು. ಬೆಳ್ಳಿಯ ದೀಪದ ಸಮೆಗೆ ತುಪ್ಪ ಹಾಕಿ, ಬತ್ತಿ ಹಚ್ಚಿ ಜಗಲಿಯ ಮೇಲಿಟ್ಟಳು. "ಅಳ್ನಾವರದಾಗೂ ಒಬ್ಬಾವ ಒಬ್ಬನ ಮಲಗ್ಯಾನಲ್ಲ, ಪಾಪ" ಅಂದಳು, ದೇವರಿಗೋ ಅಜ್ಜನಿಗೋ. ಸೆರಗಿನಿಂದ ಕಣ್ಣೊರೆಸಿಕೊಂಡು ತಾನೇ ಗುಂಡಿ ಒತ್ತಿದಳು.

ನನ್ನ ಕೈಯಲ್ಲಿ ಟ್ರಾನ್ಸಿಸ್ಟರ್ ಗಪ್ಪಾಯಿತು. ಗೌಡರ ಕಟ್ಟೆಯ ಮೇಲಿನ ರೇಡಿಯೋದಿಂದ ಕಡಲೆಯ ಕಾಯಿಕೊರಕ ಹುಳದ ಬಗ್ಗೆ ಯಾರೋ ಸ್ಪಷ್ಟವಾಗಿ ಮಾತಾಡತೊಡಗಿದರು.

"ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತ!" ಎಂದು ಗೌಡರು ನಕ್ಕರು. ಓಣಿಯೆಲ್ಲ ನಕ್ಕಿತು. ಸುಣ್ಣ ಬಳಿಯುವಾಗ ಕುಂಚ ತಾಗಿ ಆ ಬಲ್ಬಿನ ಹೋಲ್ಡರ್ ಸಡಿಲಾಗಿ, ಒಳಗೇ ಕಿಡಿ ಹಾರುತ್ತಿತ್ತಂತೆ. ಗರಗರ ಅದರದೇ. ಕಾಕಾ ಹೊಸದು ಹಾಕಿದ. ಆಯಿ ಮತ್ತೆ ಕೆಂಪು ದೀಪ ಹಚ್ಚಿದಳು. ಹಿತ್ತಲ ಕೋಣೆಯಲ್ಲಿ ಅಳ್ನಾವರದ ಅಜ್ಜ ಕೇಳಿದರು: "ಏನ್ರಿ ಮಾಸ್ತರ, ಇವತ್ತ ಅಗದಿ ಬಾಜೂಕ ಕುಂತಂಗ ಕೇಳತೈತಿ? ಕೂಸು ಐತೇನ್ರಿ?" ಅವತ್ತು ನಾನು ಬಾಯಿಗೆ ಕೈ ಒತ್ತಿಕೊಂಡು ಅತ್ತೆ.

ಈಗ ಆಯಿ ಇಲ್ಲ, ಅಳ್ನಾವರದ ದನಿಯೂ ನಿಂತು ವರ್ಷಗಳಾದವು. ಕಾಕಾ ಹುಬ್ಬಳ್ಳಿಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾನೆ. ಹೋದ ಎಳ್ಳಮಾಸಿಗೆ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ಹಳೆಯ ಸೆಟ್ಟು ಹಚ್ಚಿದರೆ ಬರೀ ಗರಗರ. ಮನೆಮನೆಗೂ ಚಾರ್ಜರು, ಇನ್ವರ್ಟರು, ಬಗೆಬಗೆಯ ದೀಪ.

"ಹುಡುಕೂಣೇನು ಕಾಕಾ?" ಅಂದೆ.

"ಹುಡುಕಿ ಯಾರಿಗೆ ಆರಸ್ರಿ ಅನ್ನೂದವಾ? ಬಾಜೂ ಮನೀ ಮಂದಿ ಹೆಸರ ಗೊತ್ತಿಲ್ಲ ನನಗ."

ಅವತ್ತು ತಾನೆಂದೂ ಕೇಳದ ದನಿಯೊಂದಕ್ಕಾಗಿ ಇಡೀ ಓಣಿ ಕತ್ತಲಲ್ಲಿ ಕೂತಿತ್ತು. ಕಂಬ ಬೇಡವೆಂದವರೇ ಕೂತಿದ್ದರು. ಅಂಥ ಓಣಿಯನ್ನು ನಾವು ಕಳೆದುಕೊಂಡೆವು. ಆದರೂ ಅಭ್ಯಾಸ ಬಿಡುವುದಿಲ್ಲ. ಕಪಾಟಿನಲ್ಲಿದ್ದ ಆ ಟ್ರಾನ್ಸಿಸ್ಟರಿಗೆ ಸೆಲ್ಲು ಹಾಕಿ, ಬಾಲ್ಕನಿಯಲ್ಲಿ ನಿಂತು ನಿಧಾನ ತಿರುಗಿದೆ. ಯಾವ ಕಡೆಗೂ ಸದ್ದು ಅಡಗಲಿಲ್ಲ.