ಮೂವತ್ತು ವರ್ಷದ ಹಳೇ ಸ್ಯಾಂಪಲ್

ನಗಬೇಡಿ ಅಂದ್ರೂ ನಗ್ತೀರಿ, ಹೇಳಿಬಿಡ್ತೀನಿ. ನಮ್ಮ ಆರ್ಕೆಸ್ಟ್ರಾದ ಹಳೇ ಸಿಂಥಸೈಜರಿನ ಸ್ವರಗಳನ್ನೆಲ್ಲ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ನುಡಿಸೋ ಹಾಗೆ ಮಾಡಿ (ಇದಕ್ಕೆ ನಾವು ಸ್ಯಾಂಪಲ್ ಅಂತೀವಿ), ಕೀಬೋರ್ಡ್ ಗೆಳೆಯರ ಗ್ರೂಪಿಗೆ ಇವತ್ತು ಹಾಕಿದೆ: "ಮೂವತ್ತು ವರ್ಷದ ಹಳೇ ಸ್ಯಾಂಪಲ್. ಬೇಕಾದವರು ತಗೊಳ್ಳಿ, ಪುಕ್ಕಟೆ!"

ಹೋಗಿದ್ದು ಎನ್.ಆರ್.ಪುರದ ಅಡಿಕೆ ವ್ಯಾಪಾರಿಗಳ ಗ್ರೂಪಿಗೆ!

ನಮ್ಮ ಅಡಿಕೆ ತಗೊಳ್ಳೋ ಇಸ್ಮಾಯಿಲ್ ಸಾಹೇಬ್ರು ತಕ್ಷಣ ಫೋನ್ ಮಾಡಿದ್ರು. "ಮೂವತ್ತು ವರ್ಷದ್ದಾ ಮಾರಾಯ? ಹುಳ ಹಿಡಿದಿಲ್ವಾ?"

"ಸಾಹೇಬ್ರೇ, ಅಡಿಕೆ ಅಲ್ಲ, ಮ್ಯೂಸಿಕ್ಕು! ಜೊತೆಗಿರೋ ಆಡಿಯೋ ಕೇಳಿ."

ಪಿಟೀಲು, ಕೊಳಲು, ಗಂಟೆ ಎಲ್ಲ ಕೇಳಿ ಮತ್ತೆ ಫೋನ್ ಮಾಡಿದ್ರು. "ಸ್ಯಾಂಪಲ್ ಫಸ್ಟ್ ಕ್ಲಾಸ್ ಇದೆ. ಮಾಲು ಯಾವಾಗ ಬರ್ತದೆ?"

ಬಿದ್ದು ಬಿದ್ದು ನಕ್ಕೆ. ಆಮೇಲೆ ಹೊಳೀತು, ಇಷ್ಟು ವರ್ಷ ಸ್ಯಾಂಪಲ್ ಕೂಡಿ ಹಾಕಿದ್ದೇ ಬಂತು, ಮಾಲು ಅಂತ ನನ್ನದೊಂದು ಹಾಡೂ ಇಲ್ಲ!