ಮೆತ್ತಗಿರೋದು, ಪ್ಲೀಸ್

ಕಾದ ಕಬ್ಬಿಣದ ಮೇಲೆ ಈರುಳ್ಳಿ ಬಿದ್ದಾಗ ಏಳುವ ವಾಸನೆಗೆ ಊರು, ದೇಶ ಅಂತಿಲ್ಲ ನೋಡಿ. ಹೋದ ಭಾನುವಾರ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ, ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಬಾರ್ಬಿ ಇಟ್ಟುಕೊಂಡಿದ್ದೆವು. ಬಾರ್ಬಿ ಅಂದರೆ ಗೊಂಬೆಯಲ್ಲ, ಬಾರ್ಬೆಕ್ಯೂ. ಇಲ್ಲಿಯವರಿಗೆ ಉದ್ದದ ಪದ ಕಂಡರೆ ಕತ್ತರಿಸದೆ ಸಮಾಧಾನವಿಲ್ಲ. ಹಿಂದೆ ಅಡಿಲೇಡ್‌ನಲ್ಲಿ ನನ್ನ ಜೊತೆ ಓದಿದ ಪ್ರಕಾಶ ಇಕ್ಕಳದಲ್ಲಿ ಈರುಳ್ಳಿ ಕೆದಕುತ್ತಾ ಎಲ್ಲರೆದುರು ಕೂಗಿದ: "ಲೇ, ಆ ಅಡಿಲೇಡ್ ಅಂಕಲ್‌ನ ಮಾಡಿ ತೋರ್ಸೋ! ಮೆತ್ತಗಿರೋದು, ಮೆತ್ತಗಿರೋದು ಅಂತಿದ್ರಲ್ಲ, ಅವ್ರು!"

ಮಕ್ಕಳೂ ಸೇರಿ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಟಲು ಆಗಲೇ ತಯಾರಾಗಿತ್ತು. ಐದು ವರ್ಷವಾದರೂ ಅದು ತಯಾರಾಗಿಯೇ ಇದೆಯಲ್ಲ ಎಂದು ನನಗೆ ನಾಚಿಕೆಯಾಯಿತು.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಂಬಳ ತರುವುದು ಕಂಪ್ಯೂಟರು. ಹುಟ್ಟಿನಿಂದ ಬಂದದ್ದು ಅಣಕಿಸುವುದು. ಮೈಸೂರಿನಲ್ಲಿ ಹಾಲಿನವರಿಂದ ಹಿಡಿದು ಹೆಡ್‌ಮಾಸ್ಟರರವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೆಲಸಕ್ಕಿದ್ದೆ. ಗಿರಾಕಿಗಳು ಬಾಯುಪಚಾರಕ್ಕೆ 'ಹೇಗಿದ್ದೀಯಪ್ಪ' ಅಂದರೆ ನನ್ನ ನೆಗಡಿ ಯಾವತ್ತು ಶುರುವಾಯಿತು ಎಂಬಲ್ಲಿಂದ ವರದಿ ಒಪ್ಪಿಸುತ್ತಿದ್ದೆ. ಆ ಪೆದ್ದನನ್ನು ಈಗಲೂ ಮಾಡಿ ತೋರಿಸುತ್ತೇನೆ. ಜನ ನಗುತ್ತಾರೆ. ನಗಿಸುವವನಿಗೆ ಪರದೇಶದಲ್ಲಿ ಊಟದ ಕರೆಗೆ ಬರವಿಲ್ಲ.

ಆ ಅಂಕಲ್‌ನ ಕಂಡದ್ದು ಎರಡು ಸಾವಿರದ ಹದಿನಾಲ್ಕರ ಚಳಿಗಾಲದಲ್ಲಿ. ನಾನೂ ಪ್ರಕಾಶನೂ ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ ವಿದ್ಯಾರ್ಥಿಗಳು. ಅದೇ ಊರಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿದ್ದ ವಸಂತಾ ಆಂಟಿ ನಮ್ಮಂಥವರನ್ನು ಕಟ್ಟಿಕೊಂಡು, ಪೇಟೆಯೊಳಗೆ ಮನೆಯಿಲ್ಲದವರಿಗಾಗಿ ಇದ್ದ ಒಂದು ಶೆಲ್ಟರಿನಲ್ಲಿ, ತಿಂಗಳಿಗೊಂದು ಶನಿವಾರ ಮಧ್ಯಾಹ್ನದ ಅಡುಗೆ ಮಾಡಿ ಬಡಿಸುತ್ತಿದ್ದರು. ನಾನು ಹೋದದ್ದು ಸೇವಾಭಾವದಿಂದ ಅಂದುಕೊಳ್ಳಬೇಡಿ. ರೆಸ್ಯುಮೆಯಲ್ಲಿ ಸ್ವಯಂಸೇವಕ ಎಂಬ ಒಂದು ಸಾಲಿದ್ದರೆ ಕೆಲಸ ಬೇಗ ಸಿಗುತ್ತದಂತೆ. ಜೊತೆಗೆ ಆಂಟಿಯ ಪಲಾವು.

ಏಪ್ರನ್ ಕಟ್ಟುತ್ತಾ ಆಂಟಿ ನಮಗೆ ಉಪದೇಶ ಮಾಡಿದರು. "ಮಕ್ಳಾ, ಎಷ್ಟು ಬೇಕು, ಏನು ಬೇಕು ಅಂತ ಕೇಳ್ಕೊಂಡು ನಿಂತ್ಕೋಬೇಡಿ. ಮದ್ವೆ ಮನೆ ಥರ ಬಡಿಸ್ತಾ ಹೋಗಿ. ಬೇಡ ಅಂದ್ರೆ ಸಂಕೋಚ ಅಂತ ತಿಳ್ಕೊಳ್ಳಿ."

ನಮ್ಮ ಪಂಕ್ತಿಯ ಶಾಸ್ತ್ರ ನಿಮಗೆ ಗೊತ್ತಲ್ಲ. ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಅಭ್ಯಾಸಬಲಕ್ಕೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದು ಹೇಳುವ ಮೂರನೆಯದು ಒಂದೊಂದು ಸಲ ನಿಜವಿರಬಹುದು.

ನನ್ನ ಮುಂದೆ ಪಲಾವು, ಕೋಸಂಬರಿ, ಹಪ್ಪಳ. ಪಕ್ಕದಲ್ಲಿ ಶೆಲ್ಟರಿನವರೇ ಮಾಡಿಟ್ಟ, ಹಿಸುಕಿದ ಆಲೂಗಡ್ಡೆಯ ಒಂದು ಪಾತ್ರೆ. ಪೋಸ್ಟರ್ ಅಂಟಿಸುವ ಗೋಂದಿನ ಹಾಗಿತ್ತು. ಇಷ್ಟೊಳ್ಳೆಯ ಪಲಾವು ಇರುವಾಗ ಇದನ್ನು ಯಾರು ಮುಟ್ಟುತ್ತಾರೆ ಎಂದು ಮುಚ್ಚಳ ಹಾಕಿದೆ.

ಸಾಲಿನಲ್ಲಿ ಅರವತ್ತರ ಆಸುಪಾಸಿನ ಒಬ್ಬರು ಬಂದರು. ಕತ್ತಿನವರೆಗೆ ಗುಂಡಿ ಹಾಕಿದ ಶರ್ಟು. ಬಾಯಿಯ ಒಂದು ತುದಿ ಕೆಳಕ್ಕೆ ಜಾರಿತ್ತು. ಬೆರಳು ಮಾಡಿ ತೋರಿಸುತ್ತಾ, "ಮೆತ್ತ... ಗಿರೋದು. ಆ ಮೆತ್ತಗಿರೋದು... ಪ್ಲೀಸ್," ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲೇ. ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಎಷ್ಟು ಕಿವಿಗೊಟ್ಟು ಕೇಳಿದೆ ಅಂತೀರಿ! ಮಾತು ಎಲ್ಲಿ ಕಡಿಯಿತು, 'ಪ್ಲೀಸ್'ಗೆ ಮೊದಲು ಉಸಿರು ಎಷ್ಟು ಹೊತ್ತು ನಿಂತಿತು, ಎಲ್ಲವನ್ನೂ ಕಿವಿ ಬಾಚಿಕೊಂಡಿತು. ಕೈ ಮಾತ್ರ ತನ್ನ ಪಾಡಿಗೆ ಎರಡು ಸೌಟು ಪಲಾವು, ಕೋಸಂಬರಿ ಹಾಕಿ, ಮೇಲೊಂದು ಹಪ್ಪಳ ಇಟ್ಟಿತು. ಅವರು "ಬೇಡ" ಎಂದರು. ಸಂಕೋಚ! ಇನ್ನೊಂದು ಸೌಟು ಹಾಕಿದೆ.

ಸಾಲು ಕರಗಿದ ಮೇಲೆ ಅಡುಗೆಮನೆಯಲ್ಲಿ ನನ್ನ ಪ್ರದರ್ಶನ ಶುರುವಾಯಿತು. ಮೊದಲು ಆಂಟಿ. ಆಂಟಿಯೇ ಬಿದ್ದು ಬಿದ್ದು ನಕ್ಕು, "ಥೂ, ಕೋತಿ!" ಎಂದು ಬೈದು ಟ್ರೇಗಳನ್ನು ಕಾರಿಗಿಡಲು ಹೋದರು. ಆಮೇಲೆ ಹೊಸ ಐಟಂ. ಪಾತ್ರೆಯ ಮುಚ್ಚಳವನ್ನು ತಟ್ಟೆಯಂತೆ ಹಿಡಿದು, ಬಾಯಿ ಸೊಟ್ಟಗೆ ಮಾಡಿ, "ಮೆತ್ತ... ಗಿರೋದು..." ಎಂದೆ. ಪ್ರಕಾಶ ಸಿಂಕು ಹಿಡಿದುಕೊಂಡು ನಕ್ಕ. "ಇನ್ನೊಂದ್ಸಲ ಮಾಡೋ ಮಗಾ!" ಮಾಡಿದೆ. ಮೂರನೆಯ ಸಲ ಅವನ ನಗು ನಡುವೆಯೇ ನಿಂತಿತು.

ಬಡಿಸುವ ಕಿಂಡಿಯಲ್ಲಿ ಅವರು ನಿಂತಿದ್ದರು. ಕೈಯಲ್ಲಿ ತಟ್ಟೆ. ನಾನು ಬಡಿಸಿದ್ದು ಬಡಿಸಿದ ಹಾಗೇ ಇತ್ತು; ಹಪ್ಪಳ ಕೂಡ ಮುರಿದಿರಲಿಲ್ಲ.

"ಚೆನ್ನಾಗಿ... ಮಾಡ್ತೀಯಪ್ಪ," ಎಂದರು. "ಆದ್ರೆ ಸೊಟ್ಟಗಿರೋದು... ಬಲಗಡೆ."

ನಾನು ಎಡಗಡೆ ಸೊಟ್ಟ ಮಾಡಿದ್ದೆ. ಎದುರಿಗಿದ್ದವರನ್ನು ಕನ್ನಡಿಯಂತೆ ನಕಲು ಮಾಡುವುದು ಎಳಸು ಮಿಮಿಕ್ರಿಯವರ ತಪ್ಪು. ಆ ಕ್ಷಣ ನನಗೆ ಮೊದಲು ಹೊಳೆದದ್ದು ಇದೇ: ಹೌದಲ್ಲ, ತಿದ್ದಿಕೊಳ್ಳಬೇಕು! ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅವರು ತಟ್ಟೆಯನ್ನು ಕಿಂಡಿಯ ಮೇಲಿಟ್ಟು ಹೊರಟರು. ಶೆಲ್ಟರಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮಾರ್ಗರೆಟ್ ಬಂದು ತಟ್ಟೆಯನ್ನೂ ನನ್ನನ್ನೂ ನೋಡಿದರು. "ಬ್ರಯನ್‌ಗೆ ಸ್ಟ್ರೋಕ್ ಆಗಿತ್ತು. ಗಟ್ಟಿ ಇರೋದನ್ನ ನುಂಗಕ್ಕಾಗಲ್ಲ. ಆಲೂಗಡ್ಡೆ ಅವರಿಗೋಸ್ಕರಾನೇ ಮಾಡಿದ್ದು. ನಿನ್ನ ಹತ್ರ ಕೇಳ್ಲಿಲ್ವಾ?"

ಕೇಳಿದ್ದರು. ಕೇಳಿದ್ದನ್ನು ನಾನು ಒಂದಕ್ಷರ ಬಿಡದೆ ಮೂರು ಸಲ ಹೇಳಿ ತೋರಿಸಿದ್ದೆ.

ಒಂದು ತಟ್ಟೆಗೆ ಆಲೂಗಡ್ಡೆ ಸುರಿದುಕೊಂಡು ಓಡಿದೆ. ಬ್ರಯನ್ ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತಿದ್ದರು. ಕ್ಷಮಿಸಿ, ತಪ್ಪಾಯಿತು ಎಂದು ತಟ್ಟೆ ಮುಂದೆ ಹಿಡಿದೆ.

"ಬೇಡ."

"ಸ್ವಲ್ಪಾನಾದ್ರೂ ತಿನ್ನಿ."

"ಬೇಡ."

"ನನಗೋಸ್ಕರ, ಪ್ಲೀಸ್."

ಅವರು ಬಹಳ ಹೊತ್ತು ತೆಗೆದುಕೊಂಡು ಹೇಳಿದರು: "ಬೇಡ... ಅಂದೆ. ನಿಂಗೆ... ನನ್ನ ದನಿ ಮಾತ್ರ ಕೇಳ್ಸುತ್ತೆ, ಅಲ್ವಾ?"

ಬಸ್ಸು ಬಂತು, ಹೋದರು. ಹಸಿದುಕೊಂಡೇ ಹೋದರು. ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ನನ್ನನ್ನು ಕಂಡು ದಾರಿಹೋಕ ಹೆಂಗಸೊಬ್ಬಳು ತನ್ನ ಕೈಚೀಲವನ್ನು ಅವುಚಿಕೊಂಡು ಸರಿದಳು. ಬೇರೆ ದಿನವಾಗಿದ್ದರೆ ಆಕೆಯನ್ನೂ ಮಾಡಿ ತೋರಿಸುತ್ತಿದ್ದೆನೇನೋ.

ಮುಂದಿನ ತಿಂಗಳೂ ಹೋದೆ. ಈ ಸಲ ರೆಸ್ಯುಮೆಗಲ್ಲ. ಆಲೂಗಡ್ಡೆಯನ್ನು ನಾನೇ ಒಂದು ಗಂಟಿಲ್ಲದ ಹಾಗೆ ಹಿಸುಕಿ, ನನ್ನ ಮುಂದಿಟ್ಟುಕೊಂಡು ಕಾದೆ. ಬ್ರಯನ್ ಬಂದರು. ನನ್ನ ಮುಂದೆ ಒಬ್ಬರೂ ಇರಲಿಲ್ಲ. ಪ್ರಕಾಶನ ಮುಂದೆ ಐದು ಜನ. ಅವರು ಆರನೆಯವರಾಗಿ ಅಲ್ಲೇ ನಿಂತರು. ಪ್ರಕಾಶ ನನ್ನ ಪಾತ್ರೆಗೆ ಸೌಟು ಚಾಚಿ ಅವರಿಗೆ ಬಡಿಸಿದ. ನಾನು ಪಾತ್ರೆ ವಾಲಿಸಿ ಹಿಡಿದುಕೊಂಡೆ, ಅಷ್ಟೇ.

ಮೂರನೆಯ ತಿಂಗಳು ಪ್ರಕಾಶನಿಗೆ ಪರೀಕ್ಷೆ. ಬ್ರಯನ್ ವಿಧಿಯಿಲ್ಲದೆ ನನ್ನೆದುರು ಬಂದರು.

"ಏನು ಹಾಕ್ಲಿ?"

"ಮೆತ್ತಗಿರೋದು."

"ಎಷ್ಟು?"

ಒಂದು ಬೆರಳು ತೋರಿಸಿದರು. ಒಂದು ಸೌಟು ಹಾಕಿದೆ. ಹಾಳು ಕೈ ಎರಡನೆಯದಕ್ಕೆ ತಾನಾಗಿಯೇ ಇಳಿಯಿತು. ಎಡಗೈಯಿಂದ ಬಲಗೈ ಹಿಡಿದುಕೊಂಡೆ. ಬ್ರಯನ್ ಅದನ್ನು ನೋಡಿದರು. ನಗಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಮೂಲೆಯ ಮೇಜಿಗೆ ಹೋಗಿ ನಿಧಾನವಾಗಿ ತಿನ್ನತೊಡಗಿದರು. ಅವರು ಚಮಚ ಹಿಡಿಯುವ ರೀತಿಯನ್ನು ನನ್ನ ಕಣ್ಣು ಆಗಲೇ ಕದಿಯತೊಡಗಿತ್ತು. ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ಹೋದೆ.

ಹೋದ ಭಾನುವಾರ ಪಾರ್ಕಿನಲ್ಲಿ ಪ್ರಕಾಶ ಮಾಡಿ ತೋರಿಸು ಎಂದದ್ದು ಇವರನ್ನು. ಅವನಿಗೆ ನೆನಪಿದ್ದದ್ದು ಮಿಮಿಕ್ರಿ, ಮನುಷ್ಯ ಮರೆತುಹೋಗಿದ್ದ. ತಪ್ಪು ಅವನದಲ್ಲ, ಹಾಗೆ ನೆನಪಿಟ್ಟುಕೊಳ್ಳುವಂತೆ ಮಾಡಿಕೊಟ್ಟವನು ನಾನು.

"ಬೇಡ ಕಣೋ," ಎಂದೆ.

"ಏಯ್, ಬಿಲ್ಡಪ್ ಬೇಡ, ಮಾಡೋ."

"ಬೇಡ."

"ಯಾಕೋ, ಮರ್ತೋಯ್ತಾ?"

"ಇಲ್ಲ. ಈಗ ಇನ್ನೂ ಚೆನ್ನಾಗಿ ಬರುತ್ತೆ," ಎಂದೆ. "ಬ್ರಯನ್ ಅಂತ ಅವ್ರ ಹೆಸ್ರು. ಕೂತ್ಕೋ, ಅವತ್ತು ಅವ್ರು ಏನು ಕೇಳಿದ್ರು ಅಂತ ಹೇಳ್ತೀನಿ."

ನನ್ನ ದನಿಯಲ್ಲೇ ಹೇಳಿದೆ. ಯಾರೂ ನಗಲಿಲ್ಲ.